ಏಳನೇ ನಂಬರಿನ ಉಸಿರು

ಬಸ್ಸು ಸೇತುವೆ ಇಳಿದು ಎಡಕ್ಕೆ ಹೊರಳುವಷ್ಟರಲ್ಲಿ, ಅಕ್ಕನ ಮನೆಗೆ ಹೋಗದೆ ಇರುವುದಕ್ಕೆ ಅವನು ನಾಲ್ಕು ಕಾರಣ ಹುಡುಕಿ ನಾಲ್ಕನ್ನೂ ಕೈಬಿಟ್ಟಿದ್ದ. ತಲೆನೋವು ಎಂದರೆ ಮಾತ್ರೆ ಇಲ್ಲೇ ಇದೆ ಬಾ ಎನ್ನುತ್ತಾಳೆ. ರಿಹರ್ಸಲ್ ಎಂದರೆ ರಜಾದಿನ ಎಂಥ ರಿಹರ್ಸಲ್ಲೋ ಎನ್ನುತ್ತಾಳೆ. ವಯಸ್ಸು ನಲವತ್ತೆರಡು, ಹೊಸ ಕಾಲದ ಸಂಗೀತವನ್ನೇ ನುಡಿಸುವ ಹನ್ನೆರಡು ಜನರ ವಾದ್ಯವೃಂದದಲ್ಲಿ ಮೊದಲನೆಯ ಚೆಲ್ಲೊ ವಾದಕ, ಆದರೆ ಅಕ್ಕನ ಬಾಯಲ್ಲಿ ಇವತ್ತಿಗೂ ಪುಟ್ಟ. ಬೆಳಿಗ್ಗೆ ಫೋನಿನಲ್ಲಿ "ಪುಟ್ಟಾ, ಮಧ್ಯಾಹ್ನ ಊಟಕ್ಕೆ ಬಾ, ನಿನ್ನ ಹತ್ರ ಮಾತಾಡೋದಿದೆ" ಎಂದವಳು, ಏನೆಂದು ಅವನು ಕೇಳುವ ಮೊದಲೇ "ನಿಮ್ಮ ಭಾವಂಗೆ ಆಗಲಿಲ್ಲವಂತಲ್ಲ" ಎಂದು ಸೇರಿಸಿ ಇಟ್ಟುಬಿಟ್ಟಿದ್ದಳು. ಆ ಮಾತು ಕಿವಿಯಲ್ಲಿ ನೀರು ಹೊಕ್ಕ ಹಾಗೆ ಅಲ್ಲೇ ನಿಂತಿತ್ತು. ಆಗಲಿಲ್ಲ ಎನ್ನುವುದು ಇವಳಿಗೆ ಹೇಗೆ ಗೊತ್ತಾಯಿತು? ಆಯ್ಕೆ ಪರೀಕ್ಷೆ ಮುಗಿದು ಮೂರು ದಿನವಾಗಿದೆ, ಆದವರಿಗಾಗಲಿ ಆಗದವರಿಗಾಗಲಿ ಇನ್ನೂ ಒಂದಕ್ಷರ ಹೋಗಿಲ್ಲ. ವೃಂದದ ಕಾರ್ಯದರ್ಶಿ, ಎಲ್ಲರೂ ಬೆನ್ನ ಹಿಂದೆ ಟೈಮ್‌ಟೇಬಲ್ ಎಂದು ಕರೆಯುವ ಹೆಂಗಸು, ತಿಂಗಳಿಗೊಮ್ಮೆ ಹೊರಡಿಸುವ ಎರಡು ಪುಟದ ಸುದ್ದಿಪತ್ರ ಇವತ್ತು ಸಂಜೆ ಐದಕ್ಕೆ ಹೋಗುತ್ತದೆ. ಅದರಲ್ಲಿ ಮುಂದಿನ ತಿಂಗಳ ಮೂರು ಕಾರ್ಯಕ್ರಮ, ಆಮೇಲಿನ ಸ್ಪರ್ಧೆ, ಕೊಳಲಿನವಳು ಜೈಲಿನಲ್ಲಿ ನಡೆಸುತ್ತಿರುವ ತರಗತಿ, ಓಬೋ ಊದುವವನಿಗೆ ಹುಟ್ಟಿದ ಅವಳಿ ಹೆಣ್ಣುಮಕ್ಕಳು, ಎಲ್ಲದರ ಕೆಳಗೆ ಹೊಸದಾಗಿ ಸೇರುವ ಎರಡನೇ ಚೆಲ್ಲೊದವರ ಹೆಸರು. ಆ ಹೆಸರು ಭಾವನದಲ್ಲ. ಭಾವನದಾಗದಂತೆ ನೋಡಿಕೊಂಡವನು ಅವನೇ. ಅದೂ ಅವರಿಗೆ ಗೊತ್ತಾಗಿಬಿಟ್ಟಿದೆಯೇ?

ಎದುರು ಸೀಟಿನಲ್ಲಿ ಒಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು. ಮಗು ಸೊರ್ರೆಂದು ಮೇಲಕ್ಕೆಳೆದುಕೊಂಡಿತು. ಅವನು ಮುಖ ಆಚೆ ತಿರುಗಿಸಿದ. ಮೂರು ದಿನದಿಂದ ಯಾರು ಉಸಿರೆಳೆದರೂ ಅವನಿಗೆ ಬೆನ್ನಲ್ಲಿ ಚಳುಕು ಹೊಡೆಯುತ್ತಿತ್ತು. ಪರೀಕ್ಷೆಯ ದಿನ ರಿಹರ್ಸಲ್ ಹಾಲಿನ ನಡುವೆ ಸೂರಿನಿಂದ ನೆಲದ ತನಕ ಕಪ್ಪು ಪರದೆ ಇಳಿಬಿಟ್ಟಿದ್ದರು. ಗಂಡಸೋ ಹೆಂಗಸೋ ಎಂದು ಬೂಟಿನ ಸದ್ದಿನಿಂದ ತಿಳಿಯಬಾರದೆಂದು ಟೈಮ್‌ಟೇಬಲ್ ನೆಲಕ್ಕೆ ಜಮಖಾನ ಹಾಸಿಸಿದ್ದರು. ಬಂದವರಿಗೆ ಹೆಸರಿಲ್ಲ, ನಂಬರು ಮಾತ್ರ. ಪರದೆಯ ಈಚೆ ತೀರ್ಪುಗಾರರು ಐದು ಜನ, ಅವರಲ್ಲಿ ಅವನೂ ಒಬ್ಬ, ಏಕೆಂದರೆ ಹೊಸಬರು ಕೂರುವುದು ಅವನ ಪಕ್ಕದ ಕುರ್ಚಿಯಲ್ಲಿ, ಒಂದೇ ಸ್ಟ್ಯಾಂಡಿನ ಹಾಳೆ ನೋಡಿಕೊಂಡು. ಭಾವ ಅರ್ಜಿ ಹಾಕಿದ್ದಾರೆಂದು ಅಕ್ಕ ತಿಂಗಳ ಹಿಂದೆಯೇ ಹೇಳಿದ್ದಳು. ಅದನ್ನು ಟೈಮ್‌ಟೇಬಲ್‌ಗೆ ಹೇಳಬೇಕಿತ್ತು. ಪರದೆ ಇರುತ್ತದಲ್ಲ, ಯಾರು ಯಾರೆಂದು ಯಾರಿಗೆ ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಿದ್ದ. ಎಲ್ಲರೂ ನುಡಿಸಿದ ಮೇಲೆ ಲೆಕ್ಕಕ್ಕೆ ಉಳಿದದ್ದು ಇಬ್ಬರು, ಮೂರನೇ ನಂಬರು ಮತ್ತು ಏಳನೇ ನಂಬರು. ಮೂರನೆಯವರು ಚೊಕ್ಕವಾಗಿ ನುಡಿಸಿದರು, ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಆಮೇಲೆ ಏಳನೆಯವರ ಸರದಿ. ಕಮಾನು ತಂತಿಗೆ ತಗಲುವ ಮೊದಲು ಪರದೆಯ ಆಚೆ ಒಂದು ಉಸಿರು ಕೇಳಿಸಿತು, ಮೂಗಿನಿಂದ ಚಿಕ್ಕದಾಗಿ ಎಳೆದದ್ದು, ಅದರ ತುದಿಗೆ ಗಂಟಲಲ್ಲಿ ಟಕ್ ಎಂದು ಒಂದು ಸಣ್ಣ ಸದ್ದು. ಅವನ ಬೆರಳುಗಳು ತಾವಾಗಿಯೇ ನೆಟ್ಟಗಾದವು. ಹನ್ನೊಂದನೇ ವಯಸ್ಸಿನಿಂದ ಹತ್ತು ವರ್ಷ ಬೆನ್ನ ಹಿಂದೆ ಕೇಳಿದ ಉಸಿರು ಅದು. ಭಾವ.

ಆಮೇಲೆ ಬಂತು ಆ ಸ್ವರ. ಇಲ್ಲವೆನ್ನುವ ಕಡೆಯಿಂದ ಶುರುವಾಗಿ, ಹಾಲು ಉಕ್ಕುವ ಮೊದಲು ಮೇಲೇಳುವ ಹಾಗೆ ಎದ್ದು, ಉಕ್ಕದೆ ಅಲ್ಲೇ ನಿಂತುಬಿಟ್ಟ ಒಂದೇ ಸ್ವರ. ಪಕ್ಕದಲ್ಲಿ ಅಲ್ಲಿಯತನಕ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ ತಾಳವಾದ್ಯದ ಹಿರಿಯ ಅದನ್ನು ಬಾಯಿಂದ ತೆಗೆದ. ಒಂದು ಕ್ಷಣ, ನಿಜವಾಗಿ ಒಂದೇ ಒಂದು ಕ್ಷಣ, ಅವನಿಗೆ ಸಂತೋಷವಾಗಿತ್ತು. ಎಲ್ಲಿತ್ತು ಭಾವಾ ಇದು ಇಷ್ಟು ದಿನ ಎಂದು ಎದ್ದುಹೋಗಿ ಕೇಳಬೇಕೆನ್ನಿಸಿತ್ತು. ಆಮೇಲೆ ಕಣ್ಣಿಗೆ ಕಟ್ಟಿದ್ದು ಪಕ್ಕದ ಕುರ್ಚಿ. ಪ್ರತಿದಿನ ಬೆಳಿಗ್ಗೆ ಹತ್ತರಿಂದ ಒಂದರ ತನಕ, ಇನ್ನು ಮುಂದೆ ಎಲ್ಲಾ ಊರುಗಳ ಎಲ್ಲಾ ವೇದಿಕೆಗಳ ಮೇಲೆ, ತನ್ನ ಬಲಗೈಯನ್ನು ಓರೆಗಣ್ಣಿನಿಂದ ನೋಡುತ್ತ ಕೂತ ಭಾವ. ತಪ್ಪಿದರೆ ಬಾಯಲ್ಲಿ ಹೇಳದೆ ನಾಲಿಗೆ ಲೊಚಗುಟ್ಟುವ ಭಾವ. ಐದು ಚೀಟಿಗಳನ್ನು ಟೈಮ್‌ಟೇಬಲ್ ಬಿಚ್ಚಿ ನೋಡಿದಾಗ ಮೂರನೇ ನಂಬರಿಗೆ ಮೂರು, ಏಳನೇ ನಂಬರಿಗೆ ಎರಡು. ಆ ಮೂರರಲ್ಲಿ ಒಂದು ಚೀಟಿಯ ಕೈಬರಹ ಅವನದು. ಅಂಥ ದುಂಡಗಿನ ಅಂಕಿ ತನ್ನ ಕೈಯಿಂದ ಮೊದಲೆಂದೂ ಬಂದಿರಲಿಲ್ಲ.

ಹದಿಮೂರು ವರ್ಷದವನಿದ್ದಾಗ ಮನೆ ತುಂಬ ಜನ ಸೇರಿದ್ದ ಒಂದು ಸಂಜೆ ಅವನನ್ನು ನಡುಮನೆಯಲ್ಲಿ ಕೂರಿಸಿ ನುಡಿಸು ಎಂದಿದ್ದರು. ಕೈ ಬೆವೆತು ನಾಲ್ಕನೇ ಸಾಲಿಗೆ ಎಡವಿದ. ಮತ್ತೆ ಹಿಡಿದ, ಮತ್ತೆ ಎಡವಿದ. ಆಗ ಭಾವ ನಗುತ್ತಲೇ ಎದ್ದು ಬಂದು, "ಹೀಗಲ್ಲ ಕಣೋ, ಹೀಗೆ" ಎಂದು ವಾದ್ಯವನ್ನು ಅವನ ಮೊಣಕಾಲ ನಡುವಿನಿಂದ ಎತ್ತಿಕೊಂಡು, ನಿಂತ ಸಾಲಿನಿಂದ ಕೊನೆಯ ತನಕ ತಾನೇ ನುಡಿಸಿ ಮುಗಿಸಿದ್ದರು. ಜನ ಚಪ್ಪಾಳೆ ತಟ್ಟಿದರು. ಅವನು ಪಕ್ಕದಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಅದೇ ಭಾವ ಮರುವರ್ಷ ಪರೀಕ್ಷೆಯ ದಿನ ಬಸ್ಸು ಬಾರದಿದ್ದಾಗ ಚೆಲ್ಲೊ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮೂರು ಮೈಲಿ ನಡೆದಿದ್ದರು, ಅವನು ಒಳಗಿದ್ದ ಎರಡು ಗಂಟೆ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಚೀಟಿಗೆ ಅಂಕಿ ಬರೆಯುವಾಗ ಆ ಬಿಸಿಲು ಯಾಕೆ ನೆನಪಾಗಲಿಲ್ಲ? ಈಗ ಭಾವ ನುಡಿಸುತ್ತಿದ್ದ ದೊಡ್ಡ ವಾದ್ಯವೃಂದ ಮುಚ್ಚಿ ಆರು ವರ್ಷ. ಐವತ್ತಾರರ ಮನುಷ್ಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಮಾನು ಹಿಡಿಯುವುದು ಕಲಿಸುತ್ತಿದ್ದಾರೆ. ಇದು ಅವರ ಕೊನೆಯ ಅವಕಾಶ ಎಂದು ಅಕ್ಕ ಹೇಳಿದ್ದಳು.

ಬಾಗಿಲು ತೆರೆದದ್ದು ಭಾವನೇ. ಎರಡೂ ಕೈ ಒದ್ದೆ, ಹೆಗಲ ಮೇಲೆ ಟವೆಲ್ಲು. "ಬಾರಯ್ಯಾ, ನಿನ್ನ ಅಕ್ಕ ಕಾಯ್ತಾ ಇದ್ದಾಳೆ, ಹುಷಾರು" ಎಂದು ಕಣ್ಣು ಮಿಟುಕಿಸಿದರು. ಕಣ್ಣು ಮಿಟುಕಿಸಿದ್ದು ಅವನಿಗೆ ಬೈದದ್ದಕ್ಕಿಂತ ಕಷ್ಟವಾಯಿತು. ಅಕ್ಕ ಮೂವತ್ತು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡಿದವಳು. ಎಷ್ಟು ಒಳಗೆ ಅಡಗಿದ ನರವಾದರೂ ಬೆರಳಿಟ್ಟು ಹುಡುಕಿ ಚುಚ್ಚುತ್ತಾಳೆ. ಅನ್ನ ಬಡಿಸಿ, ಬಟಾಣಿ ಬಡಿಸಿ, ಅವನು ಮೊದಲ ತುತ್ತು ಬಾಯಿಗಿಡುವ ತನಕ ಕಾದಳು.

"ಐದು ಜನದಲ್ಲಿ ನೀನೊಬ್ಬ. ಒಂದು ಮಾತು ಹೇಳೋಕೆ ಆಗಲಿಲ್ವಾ?"

"ಪರದೆ ಇತ್ತು ಅಕ್ಕ. ಯಾರು ಅಂತ ಗೊತ್ತಾಗಲ್ಲ."

"ಗೊತ್ತಾಗಲ್ವಾ? ಇವರು ಮೆಟ್ಟಿಲು ಹತ್ತೋ ಸದ್ದಲ್ಲೇ ಹಾಕಿರೋದು ಯಾವ ಚಪ್ಪಲಿ ಅಂತ ನಾನು ಹೇಳ್ತೀನಿ. ಹತ್ತು ವರ್ಷ ಇವರ ಹತ್ರ ಕಲಿತೋನಿಗೆ ಇವರ ಕೈ ಗೊತ್ತಾಗಲ್ವಾ?"

"ಬಿಡೇ, ಊಟ ಮಾಡ್ಲಿ" ಎಂದರು ಭಾವ, ತಟ್ಟೆಯಿಂದ ತಲೆ ಎತ್ತದೆ. "ಗೊತ್ತಾದ್ರೂ ಹೇಳಬಾರದು. ಪರದೆ ಹಾಕೋದೇ ಅದಕ್ಕೆ. ಅವನು ನ್ಯಾಯವಾಗಿ ನಡ್ಕೊಂಡಿದಾನೆ."

ನ್ಯಾಯವಾಗಿ ಎನ್ನುವ ಮಾತಿಗೆ ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ನೀರು ಕುಡಿದ. ಇನ್ನೂ ಕುಡಿದ. ಇವರಿಗೆ ಎಲ್ಲ ಗೊತ್ತಿದೆ, ಬೇಕೆಂದೇ ಹೀಗೆ ಮೆತ್ತಗೆ ಮಾತಾಡಿ ಕೊಲ್ಲುತ್ತಿದ್ದಾರೆ ಎನ್ನಿಸಿತು. ಭಾವನ ಮುಖ ನೋಡಿದ. ಅಲ್ಲಿ ಸೋತವನ ಕಳೆ ಇರಲಿಲ್ಲ. ಕಣ್ತುಂಬ ನಿದ್ದೆ ಮಾಡಿ ಎದ್ದವರ ಹಾಗಿದ್ದರು. ಬಟಾಣಿಯನ್ನು ಒಂದೊಂದಾಗಿ ಆಯ್ದು ತಿನ್ನುತ್ತಿದ್ದರು, ಅಕ್ಕ ಅವನ ಕಡೆ ತಿರುಗಿದಾಗಲೆಲ್ಲ ಯಾಕೋ ಸ್ವಲ್ಪ ಕುಗ್ಗುತ್ತಿದ್ದರು. "ನನ್ನ ಹತ್ರ ಹೇಳ್ತಾರೆ, ಬೇಜಾರಿಲ್ಲ ಅಂತ" ಎಂದಳು ಅಕ್ಕ. "ಬೇಜಾರಿಲ್ಲದೋರು ಅವತ್ತು ಯಾಕೆ ಅಷ್ಟು ತಡವಾಗಿ ಬಂದ್ರು ಕೇಳು. ಎಲ್ಲೋ ಒಬ್ಬರೇ ಕೂತು ಅತ್ತಿರ್ತಾರೆ." ಅಕ್ಕ ಎದ್ದು ಅಡುಗೆಮನೆಗೆ ಹೋದಳು, ನಲ್ಲಿ ಜೋರಾಗಿ ತಿರುಗಿಸಿದ ಸದ್ದಾಯಿತು.

ಭಾವ ಕೈ ತೊಳೆದು ಬಂದು ಅವನ ತೋಳು ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡರು. ಹಗ್ಗದ ತುಂಬ ಒಣಗುವ ಬಟ್ಟೆ. ಒಂದು ಹಾಸಿಗೆ ಹೊದಿಕೆಯ ಈ ಕಡೆ ಅವನು, ಆ ಕಡೆ ಭಾವ, ನಡುವೆ ಒದ್ದೆ ಸೋಪಿನ ವಾಸನೆ. ಈಗ ಕೇಳುತ್ತಾರೆ ಎಂದುಕೊಂಡ. ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದುಕೊಂಡ, ಹೇಳಿಬಿಡುತ್ತೇನೇನೋ ಎಂದು ಮರುಕ್ಷಣವೇ ಹೆದರಿದ.

"ಬೈಬೇಡ" ಎಂದರು ಭಾವ. "ನಿನ್ನ ಅಕ್ಕಂಗೂ ಹೇಳಬೇಡ. ನಾನು ನುಡಿಸಲೇ ಇಲ್ಲ ಕಣೋ."

ಅವನಿಗೆ ಅರ್ಥವಾಗಲಿಲ್ಲ.

"ಬಂದೆ. ಒಂಬತ್ತನೇ ನಂಬರು ಕೊಟ್ರು, ಅಂಗಿಗೆ ಚುಚ್ಚಿಕೊಂಡು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ನುಡಿಸೋದು ಬಾಗಿಲ ಸಂದಿಯಿಂದ ಕೇಳಿಸ್ತಾ ಇತ್ತು. ಯಾರೋ ಒಬ್ಬರು ಒಂದೇ ಸ್ವರ ಹಿಡಕೊಂಡು ನಿಂತುಬಿಟ್ರು. ಏನು ಸ್ವರ ಅಂತೀಯಾ! ಕೇಳ್ತಾ ಕೇಳ್ತಾ ನನಗೆ ಅನ್ನಿಸಿದ್ದು ಒಂದೇ, ಇದನ್ನ ನಾನು ಮಾಡಬೇಕಾಗಿಲ್ಲ. ನಾನು ಕೇಳಿಸ್ಕೊಂಡು ಕೂತ್ರೆ ಸಾಕು. ಮೂಟೆ ಇಳಿಸಿದ ಹಾಗಾಯ್ತು ಕಣೋ. ಅರ್ಜಿ ತುಂಬಿದೋಳು ನಿನ್ನ ಅಕ್ಕ, ನಾನು ಸಹಿ ಮಾಡಿದ್ದು ಅಷ್ಟೇ. ನಿಮ್ಮ ಸಂಗೀತ ನನಗೆ ತಲೆಬುಡ ಅರ್ಥ ಆಗಲ್ಲ, ಕಮಾನಿನ ಕಡ್ಡಿಲಿ ತಂತಿ ಕುಟ್ಟೋದು, ಅದೆಲ್ಲ. ನನಗೆ ನನ್ನ ಶಾಲೆ ಮಕ್ಕಳೇ ಸರಿ. ನಂಬರು ಬೆಂಚಿನ ಮೇಲಿಟ್ಟು ಎದ್ದು ಬಂದೆ. ಬೇಗ ಮನೆಗೆ ಹೋದ್ರೆ ಸಿಕ್ಕಿಹಾಕ್ಕೋತೀನಿ ಅಂತ ಊರು ಸುತ್ತೋ ಬಸ್ಸು ಹತ್ತಿ ಎರಡು ಸುತ್ತು ಹಾಕ್ದೆ. ಚೆಲ್ಲೊಗೂ ಒಂದು ಸೀಟು. ಕಂಡಕ್ಟರ್ ಇವರ್ಯಾರು ಅಂದ. ನಮ್ಮಣ್ಣ, ಮಾತು ಕಮ್ಮಿ ಅಂದೆ."

ಒಬ್ಬರು ಬಂದಿಲ್ಲ ಎಂದು ಅವತ್ತು ಟೈಮ್‌ಟೇಬಲ್ ಹೇಳಿದ್ದು ಅವನಿಗೆ ಈಗ ನೆನಪಾಯಿತು. ಒಂಬತ್ತನೇ ನಂಬರು ಗೈರುಹಾಜರು. ಅವನು ಬಕೆಟ್ಟಿನ ಪಕ್ಕ ಕುಕ್ಕರಿಸಿದ. ಹಾಗಾದರೆ ಭಾವನಿಗೆ ತಾನು ಏನೂ ಮಾಡಿಲ್ಲ. ಮಾಡಿದ್ದು ಯಾರಿಗೂ ಗೊತ್ತಿಲ್ಲ. ತನಗೆ ಆಗಲಿಲ್ಲ ಎಂದು ಅಕ್ಕನಿಗೆ ಭಾವನೇ ಹೇಳಿಕೊಂಡದ್ದು, ಅಷ್ಟೇ. ಎದೆಯ ಮೇಲಿನಿಂದ ಯಾರೋ ಎದ್ದು ಹೋದಂತೆ ಉಸಿರು ತಾನಾಗಿ ಒಳಗೆ ಬಂತು, ಹೊರಗೆ ಹೋಯಿತು. ಬಿಸಿಲು, ಒದ್ದೆ ಬಟ್ಟೆ, ಕೆಳಗೆ ರಸ್ತೆಯಲ್ಲಿ ಸೈಕಲ್ಲಿನ ಗಂಟೆ, ಎಲ್ಲ ಒಮ್ಮೆಗೇ ಇಷ್ಟವಾದವು. ಎದ್ದು ನಗಬೇಕು ಎನ್ನುವಷ್ಟರಲ್ಲಿ ಇನ್ನೊಂದು ಬಂತು. ಹಾಗಾದರೆ ಏಳನೇ ನಂಬರು ಯಾರು? ತಾನು ಹೆಸರೂ ಮುಖವೂ ಗೊತ್ತಿಲ್ಲದ ಯಾರನ್ನೋ, ಅವರ ಮೂಗು ಭಾವನ ಮೂಗಿನ ಹಾಗೆ ಸದ್ದು ಮಾಡಿತೆಂದು, ಹೊರಗೆ ಹಾಕಿದ್ದೇನೆ.

"ಯಾಕೋ, ಮುಖ ಹೀಗಾಯ್ತು?"

ಹೇಳಿಬಿಟ್ಟ. ತಾನೇ ಹೇಳಿದನೋ, ಕುಕ್ಕರಿಸಿದ್ದರಿಂದ ಹೊಟ್ಟೆಯೊಳಗಿನದು ತಾನೇ ಮೇಲೆ ಬಂತೋ, ಉಸಿರು, ಸ್ವರ, ಚೀಟಿ, ಮೂರು ಎಂಬ ಅಂಕಿ, ಸಂಜೆ ಐದಕ್ಕೆ ಹೋಗುವ ಸುದ್ದಿಪತ್ರ ಎಲ್ಲ ಒಂದರ ಹಿಂದೊಂದು ಬಂದವು. ಹೊದಿಕೆ ಗಾಳಿಗೆ ಭಾವನ ಮುಖಕ್ಕೆ ಬಡಿಯುತ್ತಿತ್ತು. ಅವರು ಅದನ್ನು ಸರಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ಅವನು ನೆಲ ನೋಡುತ್ತ ಕಾದ.

"ಆ ಸ್ವರ" ಎಂದರು ಭಾವ ನಿಧಾನವಾಗಿ. "ಅದನ್ನ ನುಡಿಸಿದ್ದು ನಾನು ಅಂದ್ಕೊಂಡೆಯಾ? ನಿಜವಾಗ್ಲೂ?"

ತಲೆ ಎತ್ತಿ ನೋಡಿದರೆ ಭಾವನ ಮುಖ ಹೊಗಳಿಸಿಕೊಂಡ ಹುಡುಗಿಯ ಮುಖದ ಹಾಗೆ ಕೆಂಪಾಗಿತ್ತು.

"ಅಂದ್ಕೊಂಡೆ."

"ಅಷ್ಟು ಚೆನ್ನಾಗಿ ನಾನು ನುಡಿಸ್ತೀನಿ ಅಂತ ನಿನಗೆ ಅನ್ನಿಸ್ತು."

"ಹೂಂ ಭಾವ."

"ಅಯ್ಯೋ ದೇವರೇ" ಎಂದು ನಕ್ಕರು. ಹೊದಿಕೆಯಿಂದಲೇ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನಗು ತಾನಾಗಿ ಇಳಿಯಿತು. "ಆದ್ರೆ ಯಾಕೋ ಹಾಗೆ ಬರೆದೆ? ನಾನೇನು ಮಾಡಿದ್ದೆ ನಿನಗೆ?" ಅವನು ಆ ಸಂಜೆಯನ್ನು ಹೇಳಿದ. ಹೇಳುವಾಗ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ನಡುವೆಯೇ ನಿಲ್ಲಿಸಬೇಕೆನ್ನಿಸಿತು. ಭಾವ ಹುಬ್ಬು ಗಂಟಿಕ್ಕಿ ಕೇಳಿದರು. ಅವರಿಗೆ ಏನೂ ನೆನಪಿರಲಿಲ್ಲ. ಯಾವ ಮನೆ, ಯಾರು ಬಂದಿದ್ದರು, ಏನು ನುಡಿಸಿದ್ದು ಎಂದೆಲ್ಲ ಕೇಳಿ, ಕೊನೆಗೆ "ಮಾಡಿರ್ತೀನಿ. ನನ್ನ ಬುದ್ಧಿಯೇ ಹಾಗೆ, ಬೇರೆಯವರ ಕೈಲಿ ಚೆಲ್ಲೊ ತಪ್ಪಿದ್ರೆ ನನ್ನ ಕೈ ತುರಿಸುತ್ತೆ. ಶಾಲೆಲಿ ಈಗ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಪಾಠ ಮಾಡ್ತೀನಿ" ಎಂದರು. ಕ್ಷಮಿಸು ಎನ್ನಲಿಲ್ಲ. ಅವನಿಗೂ ಅದು ಬೇಕೆನ್ನಿಸಲಿಲ್ಲ. "ಸರಿ, ನಂದು ಬಿಡು. ಆ ಏಳನೇ ನಂಬರು ಯಾರೋ ಏನೋ, ಪಾಪ. ಐದು ಗಂಟೆಗೆ ಕಾಗದ ಹೋಗುತ್ತೆ ಅಂದೆಯಲ್ಲ. ಈಗ ಎಷ್ಟು?"

ಎರಡೂ ಮುಕ್ಕಾಲು.

"ಎದ್ದೇಳು ಮತ್ತೆ. ನಾನೂ ಒಳಗೆ ಹೋಗಿ ನಿನ್ನ ಅಕ್ಕಂಗೆ ಹೇಳಿಬಿಡ್ತೀನಿ. ನೀನು ಮೆಟ್ಟಿಲು ಇಳಿಯೋ ತನಕ ಕಾಯ್ತೀನಿ, ನನ್ನ ಮರ್ಯಾದೆ ಪ್ರಶ್ನೆ."

ಎರಡನೇ ಮಹಡಿ ಇಳಿಯುವಾಗ ಮೇಲಿನಿಂದ ಅಕ್ಕನ ದನಿ ಕೇಳಿಸಿತು. ಬೈಗುಳ. ಕೆಳಗೆ ಬಾಗಿಲು ತಲುಪುವ ಹೊತ್ತಿಗೆ ಅದು ನಗುವಾಗಿತ್ತು. ಎರಡು ಸುತ್ತಾ, ಎರಡು ಸುತ್ತಾ ಎಂದು ಕೇಳುತ್ತ ಕೇಳುತ್ತ ಅಕ್ಕ ನಗುತ್ತಿದ್ದಳು.

ಅವರ ರಿಹರ್ಸಲ್ ಹಾಲು ಹಿಂದೆ ಹೊಲಿಗೆ ಕಾರ್ಖಾನೆಯಾಗಿತ್ತು. ಈಗಲೂ ನೆಲದ ಸಂದಿಯಲ್ಲಿ ಗುಂಡುಸೂಜಿ ಸಿಗುತ್ತವೆ. ಟೈಮ್‌ಟೇಬಲ್ ಮೂಲೆಯ ಗಾಜಿನ ಕೋಣೆಯಲ್ಲಿ ಒಂದು ಕೈಯಲ್ಲಿ ಸೇಬು ಕಚ್ಚುತ್ತ ಇನ್ನೊಂದು ಕೈಯಲ್ಲಿ ಟೈಪು ಮಾಡುತ್ತಿದ್ದರು. ದಾರಿಯುದ್ದಕ್ಕೂ ಅವನು ಕಟ್ಟಿಕೊಂಡು ಬಂದ ವಾಕ್ಯಗಳು ಅವರ ಕನ್ನಡಕ ನೋಡಿದ ಕೂಡಲೇ ಎಲ್ಲೋ ಹೋದವು. ನಿಂತುಕೊಂಡೇ ಹೇಳಿದ. ಸೇಬು ಮೇಜಿನ ಮೇಲಿಳಿಯಿತು.

"ಭಾವ ಅರ್ಜಿ ಹಾಕಿದಾರೆ ಅಂತ ನೀವು ಮೊದಲೇ ಹೇಳಬೇಕಿತ್ತು."

"ಹೌದು."

"ಹೇಳಿದ್ರೆ ನಿಮ್ಮನ್ನ ತೀರ್ಪಿಂದ ಹೊರಗಿಡ್ತಾ ಇದ್ದೆ."

"ಅದಕ್ಕೇ ಹೇಳಲಿಲ್ಲ."

ಅವರು ಅವನನ್ನು ತುಂಬ ಹೊತ್ತು ನೋಡಿದರು. ಹದಿನಾಲ್ಕು ವರ್ಷದಲ್ಲಿ ಅವರು ತನ್ನನ್ನು ಗಡಿಯಾರ ನೋಡದೆ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು ಎನ್ನಿಸಿತು. ರಾಜೀನಾಮೆ ಕೊಡುತ್ತೇನೆ ಎಂದ. ಅದನ್ನು ಹೇಳುವಾಗ ತನ್ನ ದನಿಯಲ್ಲಿ ಸ್ವಲ್ಪ ನಾಟಕ ಇತ್ತೆಂದು ಅವನಿಗೇ ತಿಳಿಯಿತು.

"ಕೊಟ್ರೆ ನಾನು ಇಬ್ಬರು ಚೆಲ್ಲೊದೋರನ್ನ ಹುಡುಕಬೇಕು. ಸ್ಪರ್ಧೆಗೆ ಆರು ವಾರ ಇದೆ. ದಯವಿಟ್ಟು ಆ ಉಪಕಾರ ಮಾಡಬೇಡಿ" ಎಂದು ಟೈಮ್‌ಟೇಬಲ್ ಕಂಪ್ಯೂಟರಿನ ಪರದೆಯ ಕಡೆ ತಿರುಗಿ ಸುದ್ದಿಪತ್ರದ ಕೊನೆಯ ಸಾಲನ್ನು ಅಳಿಸಿದರು. ಅವಳಿ ಮಕ್ಕಳ ಸುದ್ದಿಯ ಕೆಳಗೆ ಬಿಳಿ ಜಾಗ ಉಳಿಯಿತು. "ನಾಡಿದ್ದು ಇಬ್ಬರನ್ನೂ ಮತ್ತೆ ಕರೀತೀನಿ. ನಿಮ್ಮ ಜಾಗಕ್ಕೆ ಹೊರಗಿನೋರು ಒಬ್ಬರು. ಯಾಕೆ ಅಂತ ಎಲ್ಲರೂ ಕೇಳ್ತಾರೆ. ನಾನು ಹೇಳಲ್ಲ, ನಾಳೆ ಬೆಳಿಗ್ಗೆ ನೀವೇ ನಿಂತು ಹೇಳಬೇಕು. ಆ ಇಬ್ಬರಿಗೂ ನೀವೇ ಹೇಳಬೇಕು, ಫಲಿತಾಂಶ ಏನೇ ಬರಲಿ." ಆಮೇಲೆ ಸೇಬನ್ನು ಎತ್ತಿಕೊಂಡು, ಕಚ್ಚಿದ ಕಡೆ ಕಂದಾಗಿದ್ದನ್ನು ನೋಡಿ, "ಹೇಳಿದ್ದು ಒಳ್ಳೇದಾಯ್ತು" ಎಂದರು, ಸೇಬಿಗೆ ಹೇಳಿದ ಹಾಗೆ.

ಮರುದಿನ ಹನ್ನೊಂದು ಜನರ ಮುಂದೆ ಹೇಳುವುದು ಅವನು ಹೆದರಿದಷ್ಟೇ ಕಷ್ಟವಾಯಿತು. ಓಬೋದವನು ನಿದ್ದೆಗೆಟ್ಟ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದ. ಕೊಳಲಿನವಳು ಕೊಳಲಿನ ತುಂಡುಗಳನ್ನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು. ಮುಗಿದ ಮೇಲೆ ತಾಳವಾದ್ಯದ ಹಿರಿಯ "ನಾನು ಏಳಕ್ಕೆ ಹಾಕಿದ್ದೆ. ಮೂರು ದಿನದಿಂದ ನನ್ನ ಕಿವಿಗೇ ವಯಸ್ಸಾಯ್ತೇನೋ ಅಂದ್ಕೊಂಡು ಒದ್ದಾಡ್ತಾ ಇದ್ದೆ. ಪುಣ್ಯಾತ್ಮ" ಎಂದ. ಯಾರೋ ನಕ್ಕರು. ಮಧ್ಯಾಹ್ನದ ಊಟಕ್ಕೆ ಯಾರೂ ಅವನನ್ನು ಕರೆಯಲಿಲ್ಲ. ಅವನು ಒಬ್ಬನೇ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿಂದ. ಅದಕ್ಕೆ ರುಚಿ ಇತ್ತು. ಮೂರು ದಿನದಿಂದ ತಿಂದ ಯಾವುದಕ್ಕೂ ರುಚಿ ಇರಲಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು. ಅವಮಾನವಾದವನಿಗೆ ಹಸಿವಾಗಬಾರದು ಎಂದುಕೊಂಡರೂ ಎರಡನೆಯದನ್ನೂ ತಿಂದು, ಪೊಟ್ಟಣ ಮಡಿಸಿ ಜೇಬಿಗಿಟ್ಟುಕೊಂಡ.

ಅದರ ಮರುದಿನದ ಪರೀಕ್ಷೆಗೆ ಅವನನ್ನು ಹಾಲಿನೊಳಗೆ ಬಿಡಲಿಲ್ಲ. ಬೀದಿಬಾಗಿಲಲ್ಲಿ ನಿಂತಿದ್ದಾಗ ಮೂರನೇ ನಂಬರಿನ ಯುವಕ ಬಂದು ಹೋದ. ಆಮೇಲೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬೆನ್ನಿಗೆ ಚೆಲ್ಲೊ ಹೊತ್ತುಕೊಂಡು, ಕೈಯಲ್ಲಿ ಕರ್ಚೀಫು ಮುದುಡಿಕೊಂಡು ಬಂದಳು. ಮೇಲೆ ಹತ್ತುವ ಮೊದಲು ನಿಂತು, ಮೂಗೆಳೆದು, ಗಂಟಲಲ್ಲಿ ಟಕ್ ಎಂದು ಸದ್ದು ಮಾಡಿ, "ಆ ಜಮಖಾನ ಇನ್ನೂ ಹಾಸಿದಾರಾ?" ಎಂದು ಕೇಳಿದಳು. "ಅದರ ಧೂಳು ನನಗೆ ಆಗಲ್ಲ."

"ತೆಗೆಸಿಬಿಡ್ತೀನಿ" ಎಂದ. ಅವಳಿಗಿಂತ ಮೊದಲು ಎರಡೆರಡು ಮೆಟ್ಟಿಲು ಹತ್ತಿ ಹೋಗಿ, ಬಾಗಿಲಿಂದಲೇ ಟೈಮ್‌ಟೇಬಲ್‌ಗೆ ಹೇಳಿ, ಜಮಖಾನವನ್ನು ತಾನೇ ಸುತ್ತಿ ಹೊತ್ತು ಕೆಳಗೆ ತಂದ. ಅದರ ಮೇಲೆ ಕೂತು ಕಾದ. ಒಳಗಿನ ಸದ್ದು ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದುದೇ ಒಳ್ಳೆಯದೆನ್ನಿಸಿತು. ತೀರ್ಪು ಹೇಳುವ ಭಾರವಿಲ್ಲದೆ ಬೀದಿಯಲ್ಲಿ ಹೋಗುವವರನ್ನು ಸುಮ್ಮನೆ ನೋಡುತ್ತ ಕೂತ. ಅರ್ಧ ಗಂಟೆಯ ಮೇಲೆ ಟೈಮ್‌ಟೇಬಲ್ ಮೆಟ್ಟಿಲ ಮೇಲಿನಿಂದ ಬಗ್ಗಿ "ಏಳನೇ ನಂಬರು. ಐದಕ್ಕೆ ಐದು ಓಟು" ಎಂದು ಹೇಳಿ ಹೋದರು. ಮೂರನೇ ನಂಬರಿನವನಿಗೆ ಅವನು ಫೋನು ಮಾಡಿ ನಡೆದದ್ದು ಹೇಳಿದ. ಆ ಯುವಕ ಎಲ್ಲ ಕೇಳಿಸಿಕೊಂಡು, "ಅಂದ್ರೆ ಮೊದಲ ಸಲ ನನಗೆ ಬಿದ್ದ ಓಟು ನನ್ನದಲ್ಲ" ಎಂದು ಇಟ್ಟುಬಿಟ್ಟ. ಸ್ವಲ್ಪ ಹೊತ್ತು ಫೋನನ್ನು ಕೈಯಲ್ಲೇ ಹಿಡಿದಿದ್ದ.

ಅವಳಿಗೆ ಹೇಳಿದ್ದು ಮುಂದಿನ ವಾರ, ಮೊದಲ ರಿಹರ್ಸಲ್ಲಿನ ದಿನ, ಉಳಿದವರು ಬರುವ ಮೊದಲು. ಅವಳು ಪಕ್ಕದ ಕುರ್ಚಿಯಲ್ಲಿ ಕಮಾನಿಗೆ ರಾಳ ಸವರುತ್ತ ಕೇಳಿದಳು. ಭಾವನ ಮೂಗಿನ ವಿಷಯ ಬಂದಾಗ ನಗುತ್ತಾಳೆಂದು ಅವನು ಒಳಗೊಳಗೇ ಆಸೆಪಟ್ಟಿದ್ದ. ನಗಲಿಲ್ಲ.

"ಅವತ್ತು ಚೆನ್ನಾಗಿ ನುಡಿಸ್ದೆ ಅಂತ ನನಗೆ ಗೊತ್ತಿತ್ತು" ಎಂದಳು. "ಮೂರು ದಿನ ಏನೂ ಸುದ್ದಿ ಇಲ್ಲ. ಆಗ ಅಂದ್ಕೊಂಡೆ, ಇದನ್ನೇ ಚೆನ್ನಾಗಿದೆ ಅಂದ್ಕೊಂಡೆನಲ್ಲ, ಹಾಗಾದ್ರೆ ನನಗೆ ಏನೂ ತಿಳಿಯಲ್ಲ ಅಂತ. ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದ್ದೆ. ನಮ್ಮಮ್ಮ ಎಷ್ಟು ಹೇಳಿದ್ರೂ ತೆಗೀಲಿಲ್ಲ. ಆ ಮೂರು ದಿನ ಹೇಗೆ ವಾಪಸ್ ಕೊಡ್ತೀರಿ?"

"ಕೊಡೋಕೆ ಆಗಲ್ಲ."

"ಆಗಲ್ಲ, ಅಲ್ವಾ."

ಅವಳು ರಾಳವನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಒಬ್ಬೊಬ್ಬರಾಗಿ ಉಳಿದವರು ಬಂದರು, ಕುರ್ಚಿ ಎಳೆದರು, ಓಬೋದವನು ಅವಳಿಗಳ ಫೋಟೊ ತೋರಿಸಿದ. ಸ್ಪರ್ಧೆಗೆಂದು ಹೊಸದಾಗಿ ಬರೆಸಿದ ಕೃತಿಯನ್ನು ಮೊದಲಿನಿಂದ ಹಿಡಿದರು. ಎರಡನೇ ಪುಟದ ಮೇಲಿನ ಸಾಲಿನಲ್ಲಿ ಎರಡು ಚೆಲ್ಲೊಗಳು ಒಟ್ಟಿಗೆ ಬರಬೇಕು. ಅವನು ಬಂದ. ಅವಳು ಬರಲಿಲ್ಲ. ಕಮಾನನ್ನು ಮೇಲೆತ್ತಿ ಇಡೀ ವೃಂದವನ್ನೇ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ "ನೀವು ಬೇಗ ಬಂದ್ರಿ" ಎಂದಳು.

ಹಿಂದೆ ಯಾರೋ ಕಿಸಕ್ಕೆಂದರು. ಕಿವಿಯ ತುದಿ ಬಿಸಿಯಾಯಿತು. ಅದು ಇನ್ನು ಕುತ್ತಿಗೆಗಿಳಿದು ಎದೆಗಿಳಿದು ರಾತ್ರಿಯ ತನಕ ಅಲ್ಲೇ ಕೂರುತ್ತದೆಂದು ಅವನು ಅಭ್ಯಾಸಬಲದಿಂದ ಕಾದ. ಇಳಿಯಲಿಲ್ಲ. ಹಾಳೆ ನೋಡಿದ, ಎಣಿಸಿದ. ಅರ್ಧ ಎಣಿಕೆ ಬೇಗ ಬಂದಿದ್ದ, ನಿಜ. ತಪ್ಪಿದ್ದು ಅಷ್ಟೇ, ಅರ್ಧ ಎಣಿಕೆ.

"ಹೌದು, ಬೇಗ ಬಂದೆ" ಎಂದ. "ಇನ್ನೊಂದ್ಸಲ."